ಮಾಳಿಗಿ ಮ್ಯಾಲಿನ ಸಂಗೀತ, ಪಾವಟಿಗಿ ಫಜೀತಿ

ಸಂಗೀತ ಕೇಳಾಕ ಬಂದವರಿಗೆ ಏನರೆ ಒಂದು ಫಜೀತಿ ಆಗದೇ ನಮ್ಮ ಬಾಗಲಕೋಟಿ ಮಂಡಳಿಯ ಕಾರ್ಯಕ್ರಮ ಮುಗದದ್ದು ನನಗಂತೂ ನೆನಪಿಲ್ಲ. ಎಪ್ಪತ್ತರ ದಶಕದ ಮಾತು. ಹತ್ತಿ ಸಾವ್ಕಾರರೊಬ್ಬರು ತಮ್ಮ ಅಂಗಡಿ ಮ್ಯಾಲಿನ ಮಾಳಿಗಿ ನಮಗ ಬಿಟ್ಟುಕೊಟ್ಟಿದ್ರು. ನಾ ವಾರವೆಲ್ಲಾ ಕಚೇರಿಯೊಳಗ ಕಾರಕೂನ, ಐತವಾರ ಮಂಡಳಿಯ ದ್ವಾರಪಾಲಕ. ಬಂದವರನ್ನ ಮ್ಯಾಲೆ ಹತ್ತಿಸೂದು, ಕೂಡಸೂದು, ಆಮ್ಯಾಲೆ ಸುರಕ್ಷಿತ ಇಳಿಸೂದು ನನ್ನ ಪಾಲಿಗೆ ಬಂದ ಕೆಲಸ. ಮಂದಿ ಸಂಗೀತ ಕೇಳಿದ್ರು, ನಾ ಮಂದೀನ ನೋಡಿದೆ.

೧. ಇಕ್ಕಟ್ಟು

ಮಾಳಿಗಿಗೆ ಇದ್ದದ್ದು ಒಂದೇ ದಾರಿ, ಕಲ್ಲಿನ ಪಾವಟಿಗಿ. ಹಿಡಕೊಳ್ಳಾಕ ಒಂದು ಹಗ್ಗ ಇಳಿಬಿಟ್ಟಿದ್ವಿ. ಒಬ್ಬರು ಹತ್ತೂವಾಗ ಇನ್ನೊಬ್ಬರು ಇಳಿಯೂ ಹಂಗ ಇರಲಿಲ್ಲ.

ಹುನಗುಂದದ ವಕೀಲರೊಬ್ಬರು, ಆಳು ಭಾಳ ದಪ್ಪ, ಒಂದು ಐತವಾರ ಮುಂಜಾನೆ ಬಸ್ಸು ತಪ್ಪಿಸಿಕೊಂಡು ತಡಾ ಮಾಡಿ ಬಂದ್ರು. ಒಂದೊಂದು ಪಾವಟಿಗಿಗೆ ನಿಂತು, ಉಸರು ತಗೊಂಡು, ಬೆವರು ಒರಸಿಕೊಂಡು ಹತ್ತಾಕ ಶುರು ಮಾಡಿದ್ರು. ಅವರು ಅರ್ಧಕ್ಕ ಬರೂದ್ರಾಗ ಮ್ಯಾಲೆ ಕಡೀ ಹಾಡು ಭೈರವಿನೂ ಹಾಡಿ ಮುಗಿಸಿದ್ರು. ಮಂದಿ ಎದ್ದು ಇಳಿಯಾಕ ಬಂತು. ವಕೀಲರಿಗೆ ತಿರುಗಾಕ ಜಾಗಾ ಇಲ್ಲ, ಹಿಂದಕ್ಕ ಇಳಿಯಾಕ ಧೈರ್ಯ ಇಲ್ಲ. ಕಡೀಕ ಮಂದೀನೇ ಹಿಂದ ಸರದು, ಸುಮ್ಮನ ನಿಲ್ಲೂದು ಯಾಕಂತ ತಮ್ಮ ತಮ್ಮ ಜಾಗಾದಾಗ ಹೋಗಿ ಕುಂತ್ರು.

ಹಾಡುವ ಬುವಾ ತಂಬೂರಿಗೆ ಗವಸು ಹಾಕಾಕ ಹತ್ತಿದ್ರು. ತಿರುಗಿ ನೋಡಿದ್ರ ಸಭಾ ತುಂಬೇತಿ! ಪಾಪ, ಅವರ ಕಣ್ಣಾಗ ನೀರೇ ಬಂತು. ಗವಸು ತಗದು ಮತ್ತ ಹಾಡಾಕ ಕುಂತ್ರು.

ಹೋಗೂವಾಗ ವಕೀಲರು ನನ್ನ ಕೈ ಹಿಡಕೊಂಡು ಹೇಳಿದ್ರು: "ನಾ ಬರೂತನಕಾ ಹಾಡು ನಿಲ್ಲಿಸಿ ಕಾದ್ರಲ್ಲ, ನಮ್ಮ ಹುನಗುಂದದಾಗ ನನಗ ಇಷ್ಟು ಮರ್ಯಾದಿ ಇಲ್ಲರಿ."

೨. ಕಂಬ

ಹೆಣ್ಣಮಕ್ಕಳಿಗೆ ಬಲಗಡೆ ಜಾಗಾ. ನಡುವ ಒಂದು ದೊಡ್ಡ ಕಟಿಗಿ ಕಂಬ. ಇಳಕಲ್ಲಿನಿಂದ ಬೀಗರ ಮನಿಗೆ ಬಂದಿದ್ದ ಒಬ್ಬಾಕಿ ಹಿರೇ ಅವ್ವಗ ಸರಿಯಾಗಿ ಕಂಬದ ಹಿಂದ ಜಾಗಾ ಸಿಕ್ಕಿತ್ತು. ಆಚೆ ಸರೀರಿ ಅಂದ್ರ ಯಾರೂ ಸರೀವಲ್ಲರು. ಆಕಿ ಮಾತ್ರ ಒಂದು ಮಾತೂ ಬೇಜಾರ ಮಾಡಿಕೊಳ್ಳದ ಕಡೀತನಕ ಕುಂತಳು. ಇಳಿಯೂವಾಗ ನಾನೇ ತಡೀಲಾರದ ಕೇಳಿದೆ, ಹೆಂಗಿತ್ತಬೇ ಅಂತ.

"ಮಾರಿ ಕಾಣಲಿಲ್ಲೋ ತಮ್ಮಾ. ಬಲಗೈ ಒಂದು ಕಾಣತಿತ್ತು. ಕೈ ಭಾಳ ಛಲೋ ಹಾಡ್ತು."

೩. ಖುರ್ಚಿ

ನಮ್ಮಲ್ಲಿ ಎಲ್ಲಾರೂ ಜಮಖಾನಿ ಮ್ಯಾಲೆ ಕೂಡೂದು. ಹಾಡುವವರಕಿಂತ ಕೇಳುವವರು ಎತ್ತರಕ್ಕ ಕೂಡಬಾರದು, ಇದು ಹಿರ್ಯಾರ ಕಾಲದಿಂದ ನಡಕೊಂಡು ಬಂದ ಪದ್ಧತಿ. ಆದರ ಸಾಲಿಯಿಂದ ನಿವೃತ್ತ ಆದ ಒಬ್ಬರು ಮಾಸ್ತರು ಇದ್ರು, ಒಂದು ಕಾರ್ಯಕ್ರಮ ಬಿಟ್ಟವರಲ್ಲ. ಅವರ ಮೊಳಕಾಲು ಮಡಚೂದು ನಿಂತುಹೋತು. ಒಂದು ಖುರ್ಚಿ ಕೊಡ್ರಿ ಅಂದ್ರು.

ನಮ್ಮ ಅಧ್ಯಕ್ಷರು ಬುದ್ಧಿವಂತರು. ಖುರ್ಚಿನೂ ಕೊಟ್ರು, ಪದ್ಧತಿನೂ ಉಳಿಸಿದ್ರು. ಎರಡು ಟೇಬಲ್ ಕೂಡಿಸಿ, ಮ್ಯಾಲೆ ಗಾದಿ ಹಾಸಿ, ಆವತ್ತ ಹಾಡಾಕ ಬಂದ ಬುವಾನ್ನ ಅಲ್ಲಿ ಕೂಡಿಸಿದ್ರು. ಅವರ ನೆತ್ತಿ ಮ್ಯಾಲೆ ಫ್ಯಾನ್ ಗಿರಗಿರ ತಿರಗತಿತ್ತು. ಬ್ಯಾಸಗಿ ದಿನ, ಬಂದ್ ಮಾಡಿದ್ರ ಮಂದಿ ಎದ್ದು ಹೋಗತಿದ್ರು.

ಆ ಬುವಾ ಸೂರ ಏರಿಸೂವಾಗ ಕೈ ಮುಗಿಲಿಗೆ ಎತ್ತವರು. ಆವತ್ತ ಒಮ್ಮೆ ಮ್ಯಾಲೆ ನೋಡಿದ್ರು, ಆಮ್ಯಾಲೆ ಎರಡೂ ಕೈ ತೊಡಿ ಬಿಟ್ಟು ಅಳ್ಳಾಡಲಿಲ್ಲ. ಸೂರ ಮ್ಯಾಲೆ ಹೋದಂಗ ಬುವಾ ತಲಿ ಬಗ್ಗಿಸಿ ಬಗ್ಗಿಸಿ ಕೆಳಗ ಬರತಿದ್ರು.

ಮರುದಿನ ಪ್ಯಾಟ್ಯಾಗ ಎಲ್ಲಾರ ಬಾಯಾಗೂ ಒಂದೇ ಮಾತು: ಎಷ್ಟು ದೊಡ್ಡ ಗವಾಯಿ, ಆದರೂ ಏನ್ ವಿನಯರಿ!

೪. ಹೊತ್ತು ತಂದದ್ದು

ಮುಂದ ಮಾಸ್ತರಿಗೆ ಪಾವಟಿಗಿ ಹತ್ತೂದೇ ಬಂದ್ ಆತು. ಅದೇ ಹೊತ್ತಿಗೆ ಮಿರಜ ಕಡೆಯ ಒಬ್ಬ ಹಿರೇ ಬುವಾ ಬರೂದು ಪಕ್ಕಾ ಆತು. ಮಾಸ್ತರು ಹುಡುಗರಿದ್ದಾಗ ಅವರನ್ನ ಒಮ್ಮೆ ಕೇಳಿದ್ರು, ಆಮ್ಯಾಲೆ ಯೋಗ ಬಂದಿರಲಿಲ್ಲ. ಬುವಾಗೂ ವಯಸ್ಸಾಗಿತ್ತು, ಇದರ ಮುಂದ ಊರು ತಿರಗೂದಿಲ್ಲ ಅಂತ ಹೇಳಿ ಕಳಿಸಿದ್ರು.

"ಇನ್ನೊಮ್ಮೆ ಕೇಳಿದ್ರ ಸಾಕಾಗಿತ್ತು ನೋಡಪಾ," ಅಂತ ಮಾಸ್ತರು ನನ್ನ ಮುಂದ ಮೆಲ್ಲಕ ಅಂದ್ರು. ನಾ ಆ ಮಾತು ಅಧ್ಯಕ್ಷರಿಗೆ ಮುಟ್ಟಿಸಿದೆ.

ಅಧ್ಯಕ್ಷರು ಅಂಗಡಿ ಹಮಾಲರನ್ನ ಕರದ್ರು. ಮಧ್ಯಾಹ್ನ ಒಬ್ಬರು ಮುದುಕರು ಬರ್ತಾರ, ಬಿಳೀ ಧೋತರ, ಕೈಯಾಗ ಬಡಿಗಿ, ಖುರ್ಚಿ ಮ್ಯಾಲೆ ಕೂಡಿಸಿ ಮಾಳಿಗಿಗೆ ಹೊತ್ತು ಒಯ್ರಿ ಅಂದ್ರು. ಮಾಸ್ತರ ಸ್ವಭಾವ ಗೊತ್ತಿತ್ತಲ್ಲ, ಇನ್ನೊಂದು ಮಾತು ಸೇರಿಸಿದ್ರು: "ಅವರು ನಾಚಿಕಿ ಮನಶ್ಯಾ. ಬ್ಯಾಡ ಬ್ಯಾಡ ಅಂತಾರ. ಕಿವಿಗೆ ಹಾಕ್ಕೋಬ್ಯಾಡ್ರಿ."

ನಾ ಮ್ಯಾಲೆ ಜಮಖಾನಿ ಹಾಸಾಕ ಹತ್ತಿದ್ದೆ. ಖುರ್ಚಿ ಬಂತು. ಖುರ್ಚಿಯೊಳಗ ಮಿರಜದ ಬುವಾ! ಬಿಳೀ ಧೋತರ, ಕೈಯಾಗ ಬಡಿಗಿ. ಬ್ಯಾಡ ಬ್ಯಾಡ ಅಂತ ಅವರು ಮರಾಠಿಯೊಳಗೂ ಹೇಳಿದ್ರು, ಕನ್ನಡದಾಗೂ ಹೇಳಿದ್ರು. ಹಮಾಲರು ಯಾವುದನ್ನೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವರನ್ನ ಗ್ವಾಡಿಗೆ ಹಚ್ಚಿ ಇಳಿಸಿ, ಕೆಲಸ ಮುಗೀತಂತ ಠೇಸನ್ನಿಗೆ ವ್ಯಾಗನ್ ಖಾಲಿ ಮಾಡಾಕ ಹೋದ್ರು.

ಆಮ್ಯಾಲೆ ಟಾಂಗಾದಾಗ ಮಾಸ್ತರು ಬಂದ್ರು, ನಾ ಕೆಳಗ ಇಳದು ಹೋದೆ. ಹೊರೂವವರು ಯಾರೂ ಇಲ್ಲ. ಪಾವಟಿಗಿ ನೋಡಿದ್ರು, ಅಂಗಡಿ ಕಟ್ಟಿ ಮ್ಯಾಲೆ ಕುಂತ್ರು. ಇಲ್ಲಿಂದ ಎಷ್ಟು ಕೇಳಸ್ತದ ಅಷ್ಟು ಕೇಳ್ತೀನಿ, ನೀ ಹೋಗು ಅಂದ್ರು. ನಾ ಓಡಿ ಮ್ಯಾಲೆ ಹೋಗಿ, ತಪ್ಪಾತು ಅಂತ ಬುವಾ ಮುಂದ ಎಲ್ಲಾ ಹೇಳಿಬಿಟ್ಟೆ. ಅವರು ಹೊಟ್ಟಿ ಹಿಡಕೊಂಡು ನಕ್ಕರು.

"ಅವರ ಖುರ್ಚಿ ನಾ ಕಸಗೊಂಡೆ. ಈಗ ನಾ ಇಳೀಬೇಕು," ಅಂದವರೇ ಹಗ್ಗ ಹಿಡಕೊಂಡು ತಾವೇ ಇಳದ್ರು. ಅವರ ಹಿಂದ ತಂಬೂರಿ, ತಬಲಾ, ಜಮಖಾನಿ, ಇಡೀ ಸಭಾ ಇಳೀತು.

ಅಂಗಡಿಯೊಳಗ ಸಾವ್ಕಾರರ ಗಾದಿ ಮ್ಯಾಲೆ ಬುವಾ ಕುಂತ್ರು. ಕೆಳಗ ಕೂಡಲಾರದ ಮಾಸ್ತರನ್ನ ಎದುರಿಗೆ ಬಿಗದು ಕಟ್ಟಿದ ಒಂದು ಹತ್ತಿ ಅಂಡಗಿ ಮ್ಯಾಲೆ ಏರಿಸಿದ್ವಿ. ಬುವಾನಕಿಂತ ಮಾರುದ್ದ ಎತ್ತರ! ಅಧ್ಯಕ್ಷರು ಪದ್ಧತಿ ಅಂತ ಬಾಯಿ ತಗದ್ರು, ಬುವಾ ಕೈ ಸನ್ನಿ ಮಾಡಿ ಕೂಡಿಸಿದ್ರು. ಸುತ್ತಲೂ ಅಟ್ಟಕ್ಕ ಮುಟ್ಟೂ ಹಂಗ ಹತ್ತಿ, ನಡುವ ಸಂಗೀತ. ಮಾಸ್ತರು ಕಣ್ಣು ಮುಚ್ಚಿ ಕುಂತವರು ಮುಗಿಯೂತನಕಾ ತಗೀಲಿಲ್ಲ, ಗಲ್ಲದ ಮ್ಯಾಲೆ ನೀರು ಇಳೀತಿತ್ತು. ನನಗೂ ಭಾಳ ಖುಷಿ ಆತು, ಸುಳ್ಳು ಯಾಕ ಹೇಳಲಿ.

ಎಲ್ಲಾ ಮುಗದ ಮ್ಯಾಲೆ ಅಧ್ಯಕ್ಷರು ಎದಿ ಉಬ್ಬಿಸಿ ಹತ್ರ ಹೋದ್ರು. ಹೆಂಗಾತ್ರಿ ಮಾಸ್ತರ ಅಂತ ಕೇಳಿದ್ರು.

ಮಾಸ್ತರು ಕಣ್ಣು ಒರಸಿಕೊಂಡ್ರು. "ಛಲೋ ಆತು, ಭಾಳ ಛಲೋ ಆತು. ಆದರ ಈ ಹತ್ತಿ ಅರ್ಧಾ ಸೂರ ನುಂಗಿಬಿಡ್ತು ನೋಡ್ರಿ. ಇಂಥಾ ದೊಡ್ಡವರ ಕಾರ್ಯಕ್ರಮ ನೀವು ಮಾಳಿಗಿ ಮ್ಯಾಲೆ ಇಡಬೇಕಾಗಿತ್ತು."