ಉಳ್ಳಾಗಡ್ಡಿ ಕ್ಲಾನ್ ಮತ್ತು ಕೇಥ್ನೆಸ್‌ನ ಫರ್ಸಿ

ಇದನ್ನು ಬರೆಯಲು ಕೂತ ಮೇಲೆ ಮೂರು ಸಲ ಎದ್ದಿದ್ದೇನೆ. ಎರಡು ಸಲ ಮಗಳಿಗಾಗಿ, ಒಂದು ಸಲ ಪಕ್ಕದ ಮನೆಯ ಅಂಕಲ್‌ಗಾಗಿ. ಸ್ಯಾನ್ ಡಿಯಾಗೋದ ಈ ಅಪಾರ್ಟ್‌ಮೆಂಟಿನ ಗೋಡೆ ಹಪ್ಪಳದಷ್ಟು ತೆಳು. ನಾನು ಜೋಳದ ರೊಟ್ಟಿ ಬಡಿದರೆ ಆಚೆ ಕೇಳುತ್ತದೆ. ಗೋಡೆ ತಟ್ಟಿ ಕರೆದೆನೆಂದು ತಿಳಿದು ಅಂಕಲ್ "ಕರೆದಿರಾ?" ಎಂದು ಬಂದೇಬಿಡುತ್ತಾರೆ. ಮೊದಲ ಸಲ ನಾಚಿಕೆಗೆ ಒಂದು ರೊಟ್ಟಿ ಕೊಟ್ಟೆ. ಅವತ್ತಿನಿಂದ ಇದು ನಡೆಯುತ್ತಲೇ ಇದೆ.

ಅಂಕಲ್ ಹುಟ್ಟಿದ್ದು ಇಲ್ಲೇ. ಆದರೆ ಬಾಯಿ ತೆರೆದರೆ ಸ್ಕಾಟ್ಲೆಂಡಿನ ಉತ್ತರದ ತುದಿಯ ಕೇಥ್ನೆಸ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ. ಅವರ ಮುತ್ತಜ್ಜ ಅಲ್ಲಿಂದ ಬಂದವರಂತೆ. ನಾನೋ ಹತ್ತನೇ ಕ್ಲಾಸಿನವರೆಗೆ ಓದಿದವಳು, ಚರಿತ್ರೆಯಲ್ಲಿ ಮೂವತ್ತೈದು ತೆಗೆದು ಪಾಸಾದವಳು. ಆ ಇಡೀ ಜಿಲ್ಲೆಯ ಚರಿತ್ರೆ ಕೇಳಿಸಲು ಅವರಿಗೆ ಸಿಕ್ಕಿದ್ದು ನಾನೇ.

೧. ಕೋಟೆ

ಒಂದು ಸಂಜೆ ಮಗಳ ಸ್ಕೂಲಿನ ಫ್ಯಾಮಿಲಿ ಟ್ರೀ ತುಂಬಿಸುತ್ತಿದ್ದೆ. ನಮ್ಮಪ್ಪನ ಕೆಲಸದ ಖಾನೆಯಲ್ಲಿ 'ಸ್ಟೋನ್ ಬಿಸಿನೆಸ್' ಎಂದು ಬರೆಸುವಷ್ಟರಲ್ಲಿ ಅಂಕಲ್ ಬಂದರು.

"ನಮ್ಮ ಕ್ಲಾನ್‌ಗೆ ಕೋಟೆ ಇತ್ತು, ಗೊತ್ತಾ? ನಿಮ್ಮ ಕ್ಲಾನ್ ಯಾವುದು?"

ಕ್ಲಾನ್ ಅಂದರೆ ಒಂದೇ ಅಡ್ಡಹೆಸರಿನ ಬಳಗ. "ಉಳ್ಳಾಗಡ್ಡಿ" ಅಂದೆ.

"ಎಂಥ ಗಂಭೀರ ಹೆಸರು! ಅರ್ಥ?"

"ಈರುಳ್ಳಿ."

ಅಂಕಲ್ ಸಾವರಿಸಿಕೊಂಡರು. "ಕೋಟೆ?"

"ಗೋದಾಮು ಇತ್ತಂತೆ."

"ನಮ್ಮ ಕ್ಲಾನ್‌ಗೆ ಒಂದು ಧ್ಯೇಯವಾಕ್ಯ ಇದೆ: ಬಾಗುವುದಿಲ್ಲ. ನಿಮ್ಮದು?"

ಬಿಡುತ್ತೇನೆಯೇ? "ನಾವು ಅಳುವುದಿಲ್ಲ. ಹೆಚ್ಚಿದವರನ್ನು ಅಳಿಸುತ್ತೇವೆ."

ಅಂಕಲ್ ಪುಸ್ತಕ ತೆಗೆದು ಬರೆದುಕೊಂಡರು. ಒಳಗಿನಿಂದ ನನ್ನ ಗಂಡ, "ಮರ್ಯಾದಿ ಉಳಿಸಿದಿ ಬಿಡು" ಅಂದರು.

೨. ನಿರಿಗೆ

ಇನ್ನೊಂದು ದಿನ ಅಂಕಲ್ ಕಿಲ್ಟ್ ಉಟ್ಟು ಬಂದರು. ಉಣ್ಣೆಯ ಬಟ್ಟೆ, ಮೊಣಕಾಲಿನವರೆಗೆ, ಇಳಕಲ್ ಸೀರೆಯಂಥ ಚೌಕಡಿ. ನನಗೆ ಬಹಳ ಇಷ್ಟವಾಯಿತು. ಸುತ್ತ ತಿರುಗಿ ನೋಡಿದರೆ ನಿರಿಗೆಯೆಲ್ಲ ಹಿಂದೆ!

"ಅಂಕಲ್, ಅವಸರದಲ್ಲಿ ಹಿಂದುಮುಂದಾಗಿ ಉಟ್ಟಿದ್ದೀರಿ. ನಿರಿಗೆ ಮುಂದೆ ಬರಬೇಕು."

"ಇದೇ ಸರಿ. ತಲೆತಲಾಂತರದಿಂದ ನಮ್ಮ ಗಂಡಸರು ಹೀಗೇ ಉಟ್ಟಿದ್ದಾರೆ."

"ಅಷ್ಟು ತಲೆಮಾರಿನಲ್ಲಿ ಒಬ್ಬ ಹೆಂಗಸೂ ಹೇಳಲಿಲ್ಲವಾ?"

೩. ಮುತ್ತಜ್ಜ

ಆಮೇಲೊಮ್ಮೆ ನಾನು ಎಷ್ಟು ರೊಟ್ಟಿ ಬಡಿದರೂ ಅಂಕಲ್ ಬರಲಿಲ್ಲ. ಬಿಡುವು ಸಿಕ್ಕಿತೆಂದು ಮೊದಲ ದಿನ ಖುಷಿಪಟ್ಟೆ. ಮೂರನೇ ದಿನ ಜೀವ ತಡೆಯದೆ ರೊಟ್ಟಿ, ಶೇಂಗಾ ಚಟ್ನಿ ತೆಗೆದುಕೊಂಡು ನಾನೇ ಹೋಗಿ ಬಾಗಿಲು ತಟ್ಟಿದೆ.

ಅಂಕಲ್ ಮುಖ ಬಾಡಿತ್ತು. ಕೇಥ್ನೆಸ್‌ನಿಂದ ಹಳೆಯ ದಾಖಲೆಯ ಪ್ರತಿ ಬಂದಿತ್ತು. ಮುತ್ತಜ್ಜ ಕೋಟೆಯವರಲ್ಲವಂತೆ, ಗಣಿಯಲ್ಲಿ ಕಲ್ಲು ಕಡಿಯುವ ಕೂಲಿಯಂತೆ. ಶನಿವಾರ ಸ್ಕಾಟಿಷ್ ಜನರ ಮೇಳದಲ್ಲಿ ಕೇಥ್ನೆಸ್‌ನ ಮೇಜು ಅಂಕಲ್‌ದೇ.

"ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ. ಕೋಟೆ ಕೋಟೆ ಎಂದು ಊರೆಲ್ಲ ಸಾರಿದ್ದೇನೆ" ಎಂದು ಒಂದು ಫೋಟೋ ಮುಂದಿಟ್ಟರು. ಹೊಲದ ಬೇಲಿ. ಚಪ್ಪಟೆ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು.

"ಅಯ್ಯ! ಇದು ನಮ್ಮೂರ ಫರ್ಸಿ!" ಎಂದು ಕೂಗಿಬಿಟ್ಟೆ.

ನಾನು ಕಲಬುರಗಿ ಕಡೆಯ ಶಹಾಬಾದಿನವಳು. ಫರ್ಸಿ ಅಂದರೆ ನಮ್ಮ ಹಾಸುಗಲ್ಲು. ಅಲ್ಲಿ ನೆಲ ಫರ್ಸಿ, ಮಾಳಿಗೆ ಫರ್ಸಿ, ಒಲೆಯ ಕಟ್ಟೆಯೂ ಫರ್ಸಿ. ನಮ್ಮಪ್ಪ ಆ ಗಣಿಯಲ್ಲೇ ಕಲ್ಲು ಕಡಿದವರು. ಸುತ್ತಿಗೆಯಿಂದ ಒಮ್ಮೆ ತಟ್ಟಿ ಸದ್ದು ಕೇಳಿದರೆ ಸಾಕು, ಚಪ್ಪಡಿ ಎಲ್ಲಿ ಸೀಳುತ್ತದೆಂದು ಹೇಳುತ್ತಿದ್ದರು. ಇಷ್ಟನ್ನೂ ಬಂದಷ್ಟು ಇಂಗ್ಲಿಷಿನಲ್ಲಿ ಅಂಕಲ್‌ಗೆ ಹೇಳಿದೆ. ಕೊನೆಗೆ ಸಿಟ್ಟು ಬಂತು.

"ಕೋಟೆಯಲ್ಲಿ ನಿಮ್ಮ ದೊರೆ ನಡೆದದ್ದು ಯಾತರ ಮೇಲೆ? ಗಾಳಿಯ ಮೇಲಾ? ನಿಮ್ಮ ಮುತ್ತಜ್ಜ ಕಡಿದ ಕಲ್ಲಿನ ಮೇಲೆ. ನಾಚಿಕೊಳ್ಳುವುದಕ್ಕೆ ಏನಿದೆ?"

ಅಂಕಲ್ ಫೋಟೋ ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿದರು. ಆಮೇಲೆ ಎರಡು ರೊಟ್ಟಿ ತಿಂದರು.

೪. ಕಾರಿನಲ್ಲಿ

ಶನಿವಾರ ನಾವು ಮೂವರೂ ಮೇಳಕ್ಕೆ ಹೋದೆವು. ಅಂಕಲ್ ಮೇಜಿನ ಮೇಲೆ ಕೋಟೆಯ ಚಿತ್ರ ಇರಲಿಲ್ಲ. ಬೇಲಿಯ ಫೋಟೋ ಇತ್ತು, ಕೆಳಗೆ ದೊಡ್ಡ ಅಕ್ಷರದಲ್ಲಿ 'ಕಲ್ಲು ಕಡಿದವನ ಮರಿಮಗ'. ಕಿಲ್ಟ್ ಉಟ್ಟು ಎದೆ ಸೆಟೆಸಿ ನಿಂತಿದ್ದರು. ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವರೂ ಗಣಿಯವರ ಮನೆಯವರೇ. ಉಳ್ಳಾಗಡ್ಡಿ ಕ್ಲಾನ್" ಎಂದು ಪರಿಚಯಿಸಿದರು. ಒಬ್ಬ ದೊಡ್ಡ ಮನುಷ್ಯರು ತಲೆ ಬಾಗಿಸಿ, "ಆ ಹೆಸರು ಕೇಳಿದ್ದೇನೆ" ಎಂದುಬಿಟ್ಟರು!

ವಾಪಸು ಬರುವಾಗ ಕಾರಿನಲ್ಲಿ ಅದನ್ನೇ ಹೇಳಿಕೊಂಡು ಬೀಗುತ್ತಿದ್ದೆ. "ಇವಳ ಬಾಯಿ ಮುಚ್ಚಿಸುವವರು ಇನ್ನೂ ಹುಟ್ಟಿಲ್ಲ" ಅಂದರು ಗಂಡ, ಡ್ರೈವ್ ಮಾಡುತ್ತಾ. ಹುಟ್ಟಿ ಏಳು ವರ್ಷವಾಗಿತ್ತು, ಹಿಂದಿನ ಸೀಟಿನಲ್ಲಿತ್ತು. ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿತು:

"ಅಮ್ಮಾ, ಮತ್ತೆ ನನ್ನ ಟ್ರೀನಲ್ಲಿ ಅಜ್ಜಂದು ಬಿಸಿನೆಸ್ ಅಂತ ಯಾಕೆ ಬರೆಸಿದೆ?"