ನೊಣದಷ್ಟು ನನ್ನ ಗೋಲ

ಸಿಟ್ಟು ಬರುತ್ತದೆ ಎಂದು ಹೇಳಿಕೊಳ್ಳುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ‘ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ’ ಎಂದು ಅದನ್ನೊಂದು ಪಿತ್ರಾರ್ಜಿತ ಆಸ್ತಿಯ ಹಾಗೆ ತೋರಿಸುವವರೂ ಇದ್ದಾರೆ. ಸಿಹಿ ಕಂಡರೆ ಕೈ ತಡೆಯುವುದಿಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ, ಯಾರ ಹೆಸರೂ ನೆನಪಿರುವುದಿಲ್ಲ, ಇವನ್ನೆಲ್ಲ ಜನ ನಗುನಗುತ್ತ ಒಪ್ಪಿಕೊಳ್ಳುತ್ತಾರೆ. ಆದರೆ ‘ನನಗೆ ಹೊಟ್ಟೆಕಿಚ್ಚು’ ಎಂದು ಎದೆ ತಟ್ಟಿ ಹೇಳಿದ ಒಬ್ಬರನ್ನೂ ನಾನು ಈ ತನಕ ಕಂಡಿಲ್ಲ. ಆ ಕೊರತೆಯನ್ನು ನಾನೇ ತುಂಬಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚಿದೆ. ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಹೋಳಿಗೆಯ ಮೇಲೆ ಬಿದ್ದ ತುಪ್ಪವನ್ನು ನಾನು ಕಣ್ಣಲ್ಲೇ ಅಳೆಯುತ್ತೇನೆ. ಒಮ್ಮೆ ನನಗೂ ನನ್ನ ಷಡ್ಡಕನಿಗೂ ಒಂದೇ ಕಾಲಕ್ಕೆ ಕಿಡ್ನಿಯಲ್ಲಿ ಹರಳಾಯಿತು. ಅವನದು ದೊಡ್ಡ ಹರಳು. ಡಾಕ್ಟರು ಅದನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದರು, ನೋಡಲು ಬಂದ ನೆಂಟರೆಲ್ಲ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ‘ಅಬಬಬಾ’ ಎಂದರು. ನನ್ನದು ಬರೀ ನೀರು ಕುಡಿದದ್ದಕ್ಕೇ ಹೇಳದೆ ಕೇಳದೆ ಹೊರಟುಹೋಗಿತ್ತು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ದಿನ ನನಗಾದ ನೋವು ಹರಳಿನದಲ್ಲ.

ಇನ್ನು ನಮ್ಮ ಪಕ್ಕದ ಮನೆಯ ಕಟ್ಟಿಮನಿಯವರ ವಿಷಯ. ವಿಜಯಪುರದ ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬಿಡುವ ದಿನವೆಂದರೆ ಮನೆಮಂದಿಯೆಲ್ಲ ಕೊಡ, ಬಕೀಟು ಹಿಡಿದು ಸಜ್ಜಾಗುವ ದಿನ. ಕಟ್ಟಿಮನಿಯವರು ಮಾತ್ರ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಾರೆ. ಅವರು ನಳಕ್ಕೆ ಮೋಟಾರು ಹಚ್ಚಿದ್ದಾರೆ. ಓಣಿಗೆಲ್ಲ ಬರಬೇಕಾದ ನೀರನ್ನು ಆ ಮೋಟಾರು ಗುಂಯ್ ಎಂದು ಎಳೆದುಕೊಳ್ಳುತ್ತದೆ, ನಮ್ಮ ನಳ ಬಿಕ್ಕಳಿಸುತ್ತದೆ. ‘ಎಲ್ಲಾರ ನೀರು ನೀವ ಎಳಕೊಂಡ್ರ ಹ್ಯಾಂಗ್ರಿ?’ ಎಂದು ನಾನು ಕಾಂಪೌಂಡಿನ ಮೇಲಿಂದ ನ್ಯಾಯ, ನೀತಿ, ನಾಗರಿಕ ಪ್ರಜ್ಞೆ ಎಲ್ಲವನ್ನೂ ಸೇರಿಸಿ ಭಾಷಣ ಮಾಡಿದ್ದೇನೆ. ‘ನೀವೂ ಒಂದು ಹಚ್ಚರಲಾ’ ಎಂದು ಅವರು ನಗುತ್ತಾರೆ. ಈ ಮೋಟಾರಿನ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ನನಗೇ ಬೇಕಾಗುತ್ತದೆ.

ನಾನು ಕೆಲಸ ಮಾಡುವುದು ಒಂದು ಪುಟ್ಟ ಕಂಪ್ಯೂಟರ್ ಆಫೀಸಿನಲ್ಲಿ. ಕೆಳಗೆ ಪೈಪಿನ ಅಂಗಡಿ, ಮೇಲೆ ನಾವು. ತಿಕೋಟಾ ಕಡೆಯ ರೈತರು ದ್ರಾಕ್ಷಿ ಒಣಗಿಸಿ ಬಾಕ್ಸುಗಳಲ್ಲಿ ತುಂಬಿ ಅಲ್ಲಿಯ ಕೋಲ್ಡ್ ಸ್ಟೋರೇಜಿಗೆ ತರುತ್ತಾರಲ್ಲ, ಯಾರ ಬಾಕ್ಸು ಯಾವ ಕೋಣೆಯಲ್ಲಿದೆ, ಎಂದು ಬಂತು, ಎಂದು ಹೋಯಿತು ಎಂಬುದನ್ನೆಲ್ಲ ನೆನಪಿಡುವ ಪ್ರೋಗ್ರಾಮು ನಮ್ಮದು. ಅದರ ದೊಡ್ಡ ಭಾಗವನ್ನು ಬರೆದವನು ನಾನು. ವರ್ಷದ ಕೊನೆಗೆ ಇಡೀ ಗೋದಾಮಿನ ವೃತ್ತಾಂತವನ್ನು ಬಣ್ಣಬಣ್ಣದ ಕೋಷ್ಟಕಗಳಲ್ಲಿ ಹೇಳುವ ‘ವರದಿ’ ಎಂಬ ಆ ಭಾಗ ಸಾವಿರಾರು ಸಾಲುಗಳ ಕೃತಿ. ನನ್ನ ಜೊತೆ ಕೆಲಸ ಮಾಡುವ ನಸೀಮಾ ಬರೆದದ್ದು ಒಂದು ಅಂಗೈಯಗಲದ ತುಣುಕು. ಒಬ್ಬ ರೈತ ಒಮ್ಮೆಗೆ ತಂದ ಬಾಕ್ಸುಗಳ ಗುಂಪಿಗೆ, ಅಂದರೆ ಲಾಟಿಗೆ, ಕೊಟ್ಟ ನಂಬರು ಸರಿಯಿದೆಯೋ ಇಲ್ಲವೋ ಎಂದು ನೋಡುವುದಷ್ಟೇ ಅದರ ಕೆಲಸ. ಆಕೆ ತಿಕೋಟಾದವಳು, ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಾಳೆ, ಮಾತು ಕಡಿಮೆ. ಆಫೀಸಿನಲ್ಲಿ ಎಲ್ಲರೂ ನನ್ನನ್ನು ‘ದೊಡ್ಡ ಸರ್’ ಎನ್ನುತ್ತಿದ್ದರು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅಷ್ಟರಲ್ಲಿ ಬಬಲೇಶ್ವರದಲ್ಲಿ ಹೊಸದೊಂದು ಕೋಲ್ಡ್ ಸ್ಟೋರೇಜ್ ಎದ್ದಿತು. ಅವರಿಗೂ ನಮ್ಮ ಪ್ರೋಗ್ರಾಮು ಬೇಕಾಯಿತು. ಆ ಕೆಲಸದ ಯಜಮಾನಿಕೆ ಯಾರಿಗೆ ಎಂಬುದನ್ನು ನಮ್ಮ ಮಾಲೀಕರಾದ ಬಿರಾದಾರ ಸಾಹೇಬರು ಇನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ. ನಾನು ಮನಸ್ಸಿನಲ್ಲೇ ಬಬಲೇಶ್ವರಕ್ಕೆ ಹೋಗಿ, ಹಾರ ಹಾಕಿಸಿಕೊಂಡು, ಎರಡು ಮಾತಾಡಿ ಬಂದಿದ್ದೆ. ಆದರೆ ಅಲ್ಲಿಯವರು ಒಂದು ತಕರಾರು ತೆಗೆದರು. ‘ನಾವು ತಗೊಳ್ಳೂದು ಕಣ್ಣಿಗಿ ಕಾಣಬೇಕಲ್ರಿ ಸಾಹೇಬ್ರ. ಟ್ರ್ಯಾಕ್ಟರ್ ತಗೊಂಡ್ರ ಸುತ್ತ ಹಾಕಿ ನೋಡ್ತೀವಿ. ಇದನ್ನ ಹ್ಯಾಂಗ ನೋಡೂದ್ರಿ?’

ಸಾಹೇಬರು ಈ ಪ್ರಶ್ನೆಯನ್ನು ತಂದು ನಮ್ಮ ಮುಂದೆ ಇಟ್ಟರು. ನಾನು ‘ಅದೆಲ್ಲ ಚಿತ್ರದಾಗ ಬರೂ ಮಾತಲ್ರಿ’ ಎಂದು ಗಂಭೀರವಾಗಿ ತಲೆಯಾಡಿಸಿದೆ. ನಸೀಮಾ ಒಂದು ಸಾಫ್ಟ್‌ವೇರನ್ನು ಹುಡುಕಿ ತಂದಳು. ಅದಕ್ಕೆ ನಾವು ಏನನ್ನೂ ಹೇಳಿಕೊಡಬೇಕಿಲ್ಲ. ಪ್ರೋಗ್ರಾಮನ್ನು ತೋರಿಸಿದರೆ ತಾನೇ ಓದಿಕೊಂಡು ತಾನೇ ಚಿತ್ರ ಬರೆಯುತ್ತದೆ. ಪ್ರೋಗ್ರಾಮಿನ ಒಂದೊಂದು ಭಾಗಕ್ಕೆ ಒಂದೊಂದು ವೃತ್ತ, ನಮ್ಮ ಆಫೀಸಿನ ಬಾಯಲ್ಲಿ ಗೋಲ. ಒಂದು ಭಾಗ ತನ್ನ ಕೆಲಸಕ್ಕೆ ಮತ್ತೊಂದನ್ನು ಕರೆದರೆ ಇಬ್ಬರ ನಡುವೆ ಗೆರೆ. ಯಾರನ್ನು ಹೆಚ್ಚು ಮಂದಿ ಕರೆಯುತ್ತಾರೋ ಅವರ ಗೋಲ ಅಷ್ಟು ದೊಡ್ಡದು. ಎಷ್ಟು ಸಾಲು ಬರೆದಿದ್ದೀರಿ, ಎಷ್ಟು ಬೆವರು ಸುರಿಸಿದ್ದೀರಿ ಎಂದು ಅದು ಕೇಳುವುದೇ ಇಲ್ಲ.

ಚಿತ್ರ ಬಂತು. ನಟ್ಟನಡುವೆ ತಟ್ಟೆಯಷ್ಟು ದೊಡ್ಡ ಗೋಲ, ಎಲ್ಲ ದಿಕ್ಕಿನಿಂದಲೂ ಅದಕ್ಕೆ ಗೆರೆಗಳು. ಅದು ನಸೀಮಾಳ ಲಾಟ್ ನಂಬರಿನದು. ಬಾಕ್ಸು ಒಳಗೆ ಬರಲಿ, ಹೊರಗೆ ಹೋಗಲಿ, ರೈತರ ಕೈಗೆ ಕೊಡುವ ಚೀಟಿ ಅಚ್ಚಾಗಲಿ, ಎಲ್ಲರೂ ಮೊದಲು ಅವಳನ್ನೇ ಕರೆಯುತ್ತಿದ್ದರು. ನನ್ನ ವರದಿಯನ್ನು ಹುಡುಕಲು ನನಗೇ ಹೊತ್ತು ಹಿಡಿಯಿತು. ಕೆಳಗೆ, ಬಲಮೂಲೆಯಲ್ಲಿ, ಒಂದು ಚುಕ್ಕಿ. ಅದಕ್ಕೆ ಒಂದೇ ಒಂದು ಬಡಕಲು ಗೆರೆ. ಪ್ರತಿ ಭಾಗದ ತಲೆಯ ಮೇಲೆ ಬರೆದವರ ಹೆಸರಿರಬೇಕು ಎಂಬ ಪದ್ಧತಿ ನಮ್ಮಲ್ಲಿದೆ. ಅದನ್ನು ಹಟ ಹಿಡಿದು ತಂದವನು ನಾನೇ. ಹಾಗಾಗಿ ಆ ಚುಕ್ಕಿಯ ಕೆಳಗೆ ‘ಬಸವರಾಜ’ ಎಂದು ಸ್ಪಷ್ಟವಾಗಿ ಬರೆದಿತ್ತು. ಚುಕ್ಕಿಗಿಂತ ಹೆಸರೇ ದೊಡ್ಡದಾಗಿ ಕಾಣುತ್ತಿತ್ತು.

‘ಅಲ್ಲೋ ಬಸವರಾಜ, ಇಷ್ಟ ದಿನ ನೀನ ಎಲ್ಲಾ ಮಾಡಾಕತ್ತೀ ಅಂತ ತಿಳಕೊಂಡಿದ್ದೆ’ ಎಂದರು ಸಾಹೇಬರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದೇ ಹೆಚ್ಚು ಉರಿಯಿತು. ಕೆಳಗಿನ ಪೈಪಿನ ಅಂಗಡಿಯವರೂ ಮೇಲೆ ಬಂದು ನೋಡಿದರು. ‘ನಡುವಿನದು ನಮ್ಮ ನಸೀಮಾ ಮೇಡಮ್‌ದು’ ಎಂದು ಅವರಿಗೆ ಯಾರೋ ವಿವರಿಸಿದರು. ನಸೀಮಾ ಸುಮ್ಮನೆ ಟೈಪು ಮಾಡುತ್ತಿದ್ದಳು. ಅವಳು ಸ್ವಲ್ಪ ಜಂಬ ಪಟ್ಟಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಚಿತ್ರವನ್ನು ಮೊಬೈಲಿನಲ್ಲಿ ಹೊತ್ತುಕೊಂಡು ಮನೆಗೆ ಬಂದೆ. ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಇಲ್ಲಿಯಾದರೂ ಕನಿಕರ ಸಿಕ್ಕೀತೆಂದು ತೋರಿಸಿದೆ. ‘ಛಲೋ ಐತ್ರಿ, ರಂಗೋಲಿ ಇದ್ದಂಗ. ಇದರಾಗ ನಿಮ್ಮದು ಯಾವುದ್ರಿ?’ ಎಂದಳು. ಬೆರಳಿಟ್ಟು ತೋರಿಸಿದೆ. ನನ್ನ ಬೆರಳ ಕೆಳಗೆ ಅದು ಮುಚ್ಚಿಯೇ ಹೋಯಿತು. ಅವಳು ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡು ಚಿತ್ರವನ್ನು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ‘ನೊಣ ಕುಂತೈತಿ ಅಂತ ಮಾಡಿದ್ದೆ’ ಎಂದಳು. ನಾನು ಆ ರಾತ್ರಿ ಒಂದು ರೊಟ್ಟಿ ಕಡಿಮೆ ತಿಂದೆ. ಯಾಕೆಂದು ಅವಳು ಕೇಳಲಿಲ್ಲ.

ಹೊಟ್ಟೆಕಿಚ್ಚಿನ ಒಂದು ಗುಣವೆಂದರೆ ಅದು ಮನುಷ್ಯನ ಬುದ್ಧಿಯನ್ನು ಬಹಳ ಚುರುಕುಗೊಳಿಸುತ್ತದೆ. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ನನಗೆ ಹೊಳೆಯಿತು: ಗೋಲ ಹಿಗ್ಗುವುದು ಗೆರೆಯಿಂದ, ಗೆರೆ ಬರುವುದು ಕರೆಯುವುದರಿಂದ. ಹಾಗಾದರೆ ಎಲ್ಲರೂ ನನ್ನನ್ನು ಕರೆಯುವಂತೆ ಮಾಡಿದರಾಯಿತು! ಬಾಕ್ಸು ಬರುವ ಭಾಗ, ಹೋಗುವ ಭಾಗ, ಚೀಟಿಯ ಭಾಗ, ಎಲ್ಲದರೊಳಗೂ ಹೊಕ್ಕು ಒಂದೊಂದು ಸಾಲು ಸೇರಿಸಿದೆ. ಇನ್ನು ಮುಂದೆ ಯಾರೂ ನಸೀಮಾಳ ಹತ್ತಿರ ನೇರವಾಗಿ ಹೋಗುವಂತಿಲ್ಲ. ನನ್ನ ವರದಿಯನ್ನು ಮುಟ್ಟಿಯೇ ಹೋಗಬೇಕು, ವರದಿಯೇ ಅವರನ್ನು ಅವಳ ಹತ್ತಿರ ಕಳಿಸಬೇಕು. ಮುಟ್ಟಿ ಏನು ಮಾಡಬೇಕು? ಏನೂ ಇಲ್ಲ. ಸುಮ್ಮನೆ ಮುಟ್ಟಬೇಕು. ಚಿತ್ರವನ್ನು ಹೊಸದಾಗಿ ಬರೆಸಿದೆ. ಆಹಾ! ನನ್ನ ನೊಣ ಉಬ್ಬಿ ಉಬ್ಬಿ ಬಂಡಿಯ ಗಾಲಿಯಾಗಿತ್ತು. ನಸೀಮಾಳ ತಟ್ಟೆ ಕುಗ್ಗಿ ಬಟಾಣಿಯಾಗಿತ್ತು. ಕಟ್ಟಿಮನಿಯವರ ಮೋಟಾರು ನನಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ ಎಂದರೆ ನೀವು ನಂಬಬೇಕು.

ಸಾಹೇಬರು ಹೊಸ ಚಿತ್ರವನ್ನು ನೋಡಿ ‘ಹಾಂ, ಈಗ ಬರೋಬ್ಬರಿ ಆತು ನೋಡು’ ಎಂದರು. ದೊಡ್ಡದಾಗಿ ಅಚ್ಚು ಹಾಕಿಸಿದರು. ಗಾಜಿನ ಕಟ್ಟು ಹಾಕಿಸಿ ಒಂದನ್ನು ನಮ್ಮ ಆಫೀಸಿನ ಗೋಡೆಗೆ, ಇನ್ನೊಂದನ್ನು ಬಬಲೇಶ್ವರಕ್ಕೆ ಕಳಿಸಿದರು. ಅಲ್ಲಿಯವರು ‘ನಡುವಿನ ದೊಡ್ಡದು ಯಾರದ್ರಿ?’ ಎಂದು ಕೇಳಿದರಂತೆ. ಸಾಹೇಬರು ‘ನಮ್ಮ ಬಸವರಾಜಂದು’ ಎಂದರಂತೆ. ‘ಮತ್ತ ಅವ್ರನ್ನ ಕಳಸ್ರೆಲಾ’ ಎಂದರಂತೆ. ಯಜಮಾನಿಕೆ ನನಗಾಯಿತು. ನಾನು ಮೂರು ದಿನ ಗೋಡೆಯ ಕಡೆ ಮುಖ ಮಾಡಿಯೇ ಚಹಾ ಕುಡಿದೆ.

ಒಣದ್ರಾಕ್ಷಿಯ ಹಂಗಾಮು ಶುರುವಾಯಿತು. ತಿಕೋಟಾದ ಕೋಲ್ಡ್ ಸ್ಟೋರೇಜಿನಿಂದ ಫೋನು. ‘ಚೀಟಿ ಹೊರಗ ಬರವಲ್ದು ನೋಡ್ರಿ! ಗಾಡಿ ಸಾಲು ರೋಡಿನ ತನಾ ನಿಂತಾವು. ಮಂದಿ ನನ್ನ ಮೈಮ್ಯಾಲ ಬರಾಕತ್ತಾರ’ ಎಂದು ಅಲ್ಲಿಯ ಮ್ಯಾನೇಜರು ಕೂಗುತ್ತಿದ್ದರು. ನಾನೂ ನಸೀಮಾಳೂ ಬಸ್ಸು ಹತ್ತಿದೆವು. ಅವಳು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಚಿತ್ರವನ್ನು ತೆಗೆದು ನೋಡುತ್ತಿದ್ದಳು. ನಾನು ಕಿಟಕಿಯಾಚೆಯ ಜಾಲಿಗಿಡಗಳನ್ನು ನೋಡುತ್ತಿದ್ದೆ. ಬಸ್ಸು ತೊರವಿ ದಾಟಿತು.

‘ಸರ್, ಒಂದು ಮಾತ್ರಿ’ ಎಂದಳು. ‘ಎಲ್ಲಾರ ಗೆರಿನೂ ನೀವ ಎಳಕೊಂಡೀರಲ್ರಿ.’

ಈ ವಾಕ್ಯವನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಕೇಳಿದ್ದಲ್ಲ, ನಾನೇ ಕಾಂಪೌಂಡಿನ ಮೇಲಿಂದ ಹೇಳಿದ್ದು.

ನಡೆದದ್ದು ಇಷ್ಟೇ. ನನ್ನ ವರದಿಯ ಸ್ವಭಾವ ನಮ್ಮ ದೊಡ್ಡ ಮಾವನ ಸ್ವಭಾವ. ‘ಆರಾಮೇನ್ರಿ?’ ಎಂದರೆ ಸಾಕು, ಇಡೀ ವರ್ಷದ ಕಥೆ ತೆಗೆಯುತ್ತಾರೆ. ಸುಮ್ಮನೆ ಮುಟ್ಟಿ ಹೋಗಲಿ ಎಂದು ನಾನು ಅಂದುಕೊಂಡಿದ್ದೆ. ಯಾರಾದರೂ ಮುಟ್ಟಿದ ಕೂಡಲೇ ಅದು ಗೋದಾಮಿನ ವರ್ಷದ ಲೆಕ್ಕವನ್ನೆಲ್ಲ ಹರಡಿಕೊಂಡು ಕೂಡುತ್ತಿತ್ತು. ಒಂದೊಂದು ಬಾಕ್ಸಿಗೂ ಅದೇ ಕಥೆ. ಆಫೀಸಿನಲ್ಲಿ ನಾಲ್ಕು ಬಾಕ್ಸಿನ ಪರೀಕ್ಷೆಯಲ್ಲಿ ಗೊತ್ತಾಗದ್ದು ತಿಕೋಟಾದ ಹಂಗಾಮಿನಲ್ಲಿ ರಸ್ತೆಯ ತನಕ ಗೊತ್ತಾಗಿತ್ತು.

ನಾನು ಏನೋ ತಾಂತ್ರಿಕ ಕಾರಣ ಹೇಳಹೊರಟೆ. ನಸೀಮಾ ನಗತೊಡಗಿದಳು. ‘ಖರೇ ಹೇಳ್ಲೇನ್ರಿ ಸರ್? ಹೊಸಾ ಚಿತ್ರ ನೋಡಿ ನನಗ ಭಾಳ ಖುಷಿ ಆಗಿತ್ರಿ. ದೊಡ್ಡ ಗೋಲ ಅಂದ್ರ ದೊಡ್ಡ ತ್ರಾಸ್ರಿ. ಎಲ್ಲಿ ಏನ ಕೆಟ್ರೂ ನನಗ ಫೋನು. ಊಟಕ್ಕ ಕುಂತ್ರ ಫೋನು, ನಮಾಜಿಗಿ ನಿಂತ್ರ ಫೋನು. ನಿಮ್ಮ ಚುಕ್ಕಿ ನೋಡಿ ನನಗ ಹೊಟ್ಟಿ ಉರೀತಿತ್ರಿ. ವರ್ಷಕ್ಕೊಮ್ಮಿ ಕರೀತಾರ, ಆಮ್ಯಾಲ ಯಾರೂ ಕೇಳಂಗಿಲ್ಲ.’

ಅವಳಿಗೆ ಹೊಟ್ಟೆಕಿಚ್ಚು, ನನ್ನ ನೊಣದ ಮೇಲೆ! ಇದನ್ನು ಮೊದಲೇ ಹೇಳಿದ್ದರೆ ನಾನು ಆ ನೊಣವನ್ನು ಚಿನ್ನದ ಹಾಗೆ ಕಾಪಾಡುತ್ತಿದ್ದೆನಲ್ಲ. ತಿಕೋಟಾ ಮುಟ್ಟಿದ ಮೇಲೆ ಅವಳು ನನ್ನ ಸಾಲುಗಳನ್ನು ಒಂದೊಂದಾಗಿ ಕಿತ್ತು ಹಾಕಿದಳು. ಚೀಟಿಗಳು ಪಟಪಟನೆ ಹೊರಬಿದ್ದವು, ಗಾಡಿಗಳ ಸಾಲು ಕರಗಿತು. ಸಾಹೇಬರಿಗೆ ಏನು ಹೇಳುತ್ತೀ ಎಂದು ಕೇಳಿದೆ. ‘ಏನೂ ಹೇಳಂಗಿಲ್ರಿ. ಗ್ವಾಡಿ ಮ್ಯಾಲಿನ ಚಿತ್ರ ಮಾತ್ರ ಹಂಗ ಇರಲ್ರಿ’ ಎಂದಳು. ಎಂಥ ಉದಾರ ಮನಸ್ಸು ಎಂದುಕೊಂಡೆ.

ಆ ಉದಾರತೆಯ ಅರ್ಥ ಈಗ ತಿಳಿದಿದೆ. ಪ್ರೋಗ್ರಾಮಿನಲ್ಲಿ ನಾನು ಮತ್ತೆ ನೊಣ, ಆದರೆ ಗೋಡೆಯ ಮೇಲೆ ಗಾಜಿನ ಕಟ್ಟಿನೊಳಗೆ ಬಂಡಿಯ ಗಾಲಿ. ಬಬಲೇಶ್ವರದವರು ಪ್ರೋಗ್ರಾಮನ್ನು ನೋಡುವುದಿಲ್ಲ, ಗೋಡೆಯನ್ನು ನೋಡುತ್ತಾರೆ. ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೂ, ಕರೆಂಟು ಹೋದರೂ, ಮಮದಾಪುರದ ಗಾಡಿ ತಡವಾಗಿ ಬಂದರೂ ಫೋನು ನನಗೇ. ನಸೀಮಾ ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ‘ಬರ್ತೀನ್ರಿ ಸರ್’ ಎಂದು ತಣ್ಣಗೆ ಬಸ್ಸಿಗೆ ಹೊರಡುತ್ತಾಳೆ. ಅವಳ ಬೆನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಹಳೆಯ ಉರಿಯೇ ಏಳುತ್ತದೆ.

ಮೊನ್ನೆ ನಳಕ್ಕೆ ನೀರು ಬಿಟ್ಟಿದ್ದರು. ಅಂದು ನಮ್ಮ ಪುಣ್ಯಕ್ಕೆ ಕಟ್ಟಿಮನಿಯವರ ಮೋಟಾರು ಸುಟ್ಟುಹೋಗಿ ನಮ್ಮ ನಳ ಜೋರಾಗಿ ಸುರಿಯುತ್ತಿತ್ತು. ಪೈಪನ್ನು ಒಯ್ದು ನೀರಿನ ಟಾಕಿಗೆ ಹಚ್ಚಬೇಕು ಎನ್ನುವಷ್ಟರಲ್ಲಿ ಬಬಲೇಶ್ವರದ ಫೋನು ಬಂತು. ಕಾಂಪೌಂಡಿನ ಆಚೆ ಖಾಲಿ ಕೊಡ ಹಿಡಿದು ನಿಂತಿದ್ದ ಕಟ್ಟಿಮನಿಯವರು, ‘ಏನ್ರೀ ಬಸವರಾಜ್, ಒಂದ ಸವನ ಫೋನ್ ಬರಾಕತ್ತಾವು. ನಿಮ್ಮನ್ನ ಬಿಟ್ರ ಬಬಲೇಶ್ವರ ನಡಿಯಂಗಿಲ್ಲ ಕಾಣತೈತಿ’ ಎಂದರು. ಆ ದನಿಯನ್ನು ನಾನು ಗುರುತಿಸಿದೆ. ಅದರಲ್ಲಿ ನನ್ನ ಬಹಳ ವರ್ಷಗಳ ಅನುಭವವಿದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬರಿಗೆ ನನ್ನ ದೊಡ್ಡಸ್ತಿಕೆಯ ಮೇಲೆ ಹೊಟ್ಟೆಕಿಚ್ಚಾಗಿತ್ತು! ಫೋನನ್ನು ಸ್ಪೀಕರಿಗೆ ಹಾಕಿದೆ. ಬಬಲೇಶ್ವರದವರು ಕೇಳಿದ್ದು ಪ್ರಿಂಟರಿನ ಬಟನ್ ಎಲ್ಲಿದೆ ಎಂದಷ್ಟೇ. ನಾನು ಪ್ರೋಗ್ರಾಮಿನ ಹುಟ್ಟಿನಿಂದ ಶುರು ಮಾಡಿ, ಅತ್ತಿಂದಿತ್ತ ಓಡಾಡುತ್ತ, ಕೈ ಬೀಸುತ್ತ, ಕಟ್ಟಿಮನಿಯವರ ಮುಖ ಪೂರ್ತಿ ಬಾಡುವ ತನಕ ವಿವರಿಸಿದೆ.

ಫೋನು ಇಟ್ಟಾಗ ಕಸ್ತೂರಿ ಟಾಕಿಯೊಳಗೆ ಬಗ್ಗಿ ನೋಡುತ್ತಿದ್ದಳು. ನೀರೆಲ್ಲ ಗಟಾರಕ್ಕೆ ಹರಿದುಹೋಗಿ ನಳ ನಿಂತಿತ್ತು.