ಕೋರಮಂಡಲ್ ಲೈನಿನ ಸೌದಾಮಿನಿ

ಹೆಸರಿನ ವಿಷಯಕ್ಕೆ ಕೈ ಹಾಕಿದಾಗಲೆಲ್ಲ ನನಗೆ ಏನಾದರೊಂದು ನಗೆಪಾಟಲು ಎದುರಾಗದೆ ಬಿಟ್ಟಿಲ್ಲ. ನಾನಾಗಿ ನಗೆಯನ್ನು ಅರಸಿ ಹೋದವಳಲ್ಲ. ನಮ್ಮ ಕಾನ್ವೆಂಟಿನಲ್ಲಿ ಹಲ್ಲು ಕಾಣುವಂತೆ ನಗುವುದೂ, ಬೀದಿಯಲ್ಲಿ ದನಿ ಎತ್ತುವುದೂ ಅಶಿಸ್ತಿನ ಲಕ್ಷಣಗಳಾಗಿದ್ದವು. ಈ ಎರಡು ನಿಯಮಗಳನ್ನೂ ಮುರಿಸಿದ್ದು ಒಂದು ಅಪರೂಪದ ಹೆಸರು.

೧. ಕೂಗಲಾಗದ ಮಗಳು

ಐವತ್ತರ ದಶಕದ ಆರಂಭದಲ್ಲಿ ನಾನು ಕೋಲಾರದ ಚಿನ್ನದ ಗಣಿ ಪ್ರದೇಶದ ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನಿನ, ಎಂದರೆ ಸಾಲುಮನೆಗಳ, ಹತ್ತಿರದ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ನನ್ನ ಪಕ್ಕದ ಮನೆಯಲ್ಲಿ ಒಬ್ಬ ಅತ್ತೆ, ಆಕೆಯ ಮಗ, ಸೊಸೆ ಮತ್ತು ಪುಟ್ಟ ಮೊಮ್ಮಗಳು ಇದ್ದರು. ಮಗನಿಗೆ ನಂದಿದುರ್ಗ ಎಂಬ ಹೆಸರಿನ ಗಣಿಯಲ್ಲಿ ಕೆಲಸ. ಮೊಮ್ಮಗಳಿಗೆ ಅಜ್ಜಿಯದೇ ಹೆಸರು, ಮುನಿಯಮ್ಮ.

ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಕೂಡದೆಂಬ ಕಟ್ಟಳೆ ಆ ಮನೆಯಲ್ಲಿ ಬಹಳ ಬಿಗಿಯಾಗಿತ್ತು. ಹೀಗಾಗಿ ಆ ಸೊಸೆಗೆ ತಾನು ಹೆತ್ತ ಮಗಳನ್ನೇ ಹೆಸರು ಹಿಡಿದು ಕೂಗುವಂತಿರಲಿಲ್ಲ. ಒಂದು ದಿನ ಆ ಮಗು ಎತ್ತಿನ ಗಾಡಿಯ ಕಡೆಗೆ ಓಡಿತು. ತಾಯಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು, ನಾಲಿಗೆ ಲೊಚಗುಟ್ಟಿದಳು, ಕೊನೆಗೆ ಗಂಟಲು ಬಿರಿಯುವಂತೆ, "ಏ ಇವಳೇ, ಓಗ್ತಿರೋಳೇ, ನಿಂತ್ಕೊಳೇ" ಎಂದು ಕೂಗಿದಳು.

ನಲ್ಲಿಯಿಂದ ನೀರು ಹೊತ್ತು ಹೋಗುತ್ತಿದ್ದ ಹೆಂಗಸರೆಲ್ಲ ನಿಂತರು. ಮಗು ಒಂದೇ ನಿಲ್ಲಲಿಲ್ಲ.

ಗಾಡಿಯವನು ಎತ್ತುಗಳನ್ನು ಎಳೆದು ನಿಲ್ಲಿಸಿದ್ದರಿಂದ ಅನಾಹುತವೇನೂ ಆಗಲಿಲ್ಲ.

೨. ಯಾರದೂ ಅಲ್ಲದ ಹೆಸರು

ಎರಡನೆಯ ಹೆಣ್ಣುಮಗು ಹುಟ್ಟಿದಾಗ ಆ ಸೊಸೆ ಬಾಣಂತಿಯ ಬಟ್ಟೆ ಕಟ್ಟಿದ ತಲೆಯಲ್ಲೇ ನನ್ನ ಬಾಗಿಲಿಗೆ ಬಂದಳು. "ಟೀಚರಮ್ಮ, ನನ್ನ ಬಾಯಾರ ಕೂಗೋ ಅಂಥ ಒಂದು ಹೆಸರು ಕೊಡಿ. ಇದನ್ನಾದ್ರೂ ಕರೀಬೇಕು ನಾನು" ಎಂದಳು.

ಅದೇನು ಮಹಾ ಕೆಲಸವೆಂದು ಲಕ್ಷ್ಮಿ ಎಂದೆ. ತಲೆಯಾಡಿಸಿದಳು, ಮಾವನ ಅಕ್ಕನದಂತೆ. ಸರಸ್ವತಿ ಎಂದೆ, ಮಾವನ ತಾಯಿಯದಂತೆ. ರುಕ್ಮಿಣಿ ದೊಡ್ಡ ವಾರಗಿತ್ತಿಯ ಪಾಲಾಗಿತ್ತು, ಪಾರ್ವತಿ ಬೂದಿಕೋಟೆಯ ಚಿಕ್ಕತ್ತೆಯ ಪಾಲಾಗಿತ್ತು. ಇಡೀ ದೇವಲೋಕವೇ ಆಕೆಯ ಗಂಡನ ಕಡೆಯವರಿಂದ ತುಂಬಿಹೋಗಿತ್ತು. ಬೇಸತ್ತು ನಾನು ತೆರೇಸಾ ಎಂದುಬಿಟ್ಟೆ. ಆಕೆ ಗಂಭೀರವಾಗಿ ಯೋಚಿಸಿ, ಸಂಬಂಧದಲ್ಲಿ ಆ ಹೆಸರಿನವರು ಯಾರೂ ಇಲ್ಲ, ಆದರೆ ಅತ್ತೆ ಒಪ್ಪುವುದು ಅನುಮಾನ ಎಂದಳು.

ಆಗ ನನಗೆ ಕಾನ್ವೆಂಟಿನ ಕನ್ನಡ ಪಂಡಿತರು ನೆನಪಾದರು. ಮಿಂಚಿಗೆ ಇರುವ ಹೆಸರುಗಳನ್ನೆಲ್ಲ ಅವರು ನಮಗೆ ಬಾಯಿಪಾಠ ಮಾಡಿಸಿದ್ದರು. ಚಪಲಾ, ಚಂಚಲಾ ಎಂಬುವು ಹೆಣ್ಣುಮಗುವಿಗೆ ಹೊಂದುವಂಥವಲ್ಲ. ಅವುಗಳ ನಡುವೆ ಒಂದು ಮಾತ್ರ ರಾಣಿಯಂತೆ ಕುಳಿತಿತ್ತು. "ಸೌದಾಮಿನಿ" ಎಂದೆ.

ಸೊಸೆ ಬೆರಳ ಗೆಣ್ಣುಗಳ ಮೇಲೆ ಗಂಡನ ಬಳಗವನ್ನೆಲ್ಲ ಎಣಿಸಿದಳು. ಸತ್ತವರನ್ನೂ ಬಿಡಲಿಲ್ಲ. ಮುಖ ಮೆಲ್ಲಗೆ ಅರಳಿತು.

"ಯಾರೂ ಇಲ್ಲ ಟೀಚರಮ್ಮ. ಈ ಹೆಸರಲ್ಲಿ ಸತ್ತೋರು ಕೂಡ ಇಲ್ಲ."

೩. ಅರ್ಥವಿಚಾರಣೆ

ಮರುದಿನ ಅತ್ತೆಯೇ ಬಂದರು. ಅರ್ಥ ತಿಳಿಯದೆ ತಮ್ಮ ಮನೆಯಲ್ಲಿ ಹೆಸರಿಡುವ ಪದ್ಧತಿ ಇಲ್ಲವೆಂದರು. ಸುದಾಮ ಎಂದರೆ ಮೋಡ, ಅದರಲ್ಲಿ ಹುಟ್ಟಿದವಳು ಸೌದಾಮಿನಿ, ಅಂದರೆ ಮಿಂಚು. ಹಿಂದಿನ ಕವಿಗಳೆಲ್ಲ ಬಳಸಿ ಮೆರೆಸಿದ ಪದ, ಆದರೂ ನಮ್ಮ ಸೀಮೆಯಲ್ಲಿ ಇಟ್ಟುಕೊಂಡವರನ್ನು ನಾನು ಕಂಡಿಲ್ಲ ಎಂದು ವಿವರಿಸಿದೆ.

"ಮಿಂಚು ಅಂದ್ರೆ ತೆಂಗಿನಮರ ಸುಡ್ತದಲ್ಲ, ಅದಾ?"

ಅದು ಸಿಡಿಲು, ಇದು ಬೆಳಕು ಮಾತ್ರ, ಗದ್ದಲವೇನಿದ್ದರೂ ಇದರ ಹಿಂದೆ ಬರುವಂಥದು ಎಂದೆ.

"ಹಿಂದೆ ಗದ್ಲ ಮಾಡ್ಕೊಂಡು ಬರೋದಾ? ಅದು ಅವ್ಳ ತಾಯಿ ಬಿಡಿ" ಎಂದು ಅತ್ತೆ ಒಪ್ಪಿಗೆ ಕೊಟ್ಟರು.

ಬೇಲಿಯಾಚೆ ನಿಂತು ಕೇಳುತ್ತಿದ್ದ ಮಗ ಒಂದೇ ಮಾತು ಸೇರಿಸಿದ. "ಭೂಮಿ ಒಳಗೆ ನಮಗೆ ಎಲ್ಲಾ ಸಿಗ್ತದೆ ಟೀಚರಮ್ಮ, ಮಿಂಚು ಒಂದು ಕಾಣಲ್ಲ. ಮನೇಲಿರ್ಲಿ."

ನಾಮಕರಣವಾದ ದಿನದಿಂದ ಲೈನಿನಲ್ಲಿ ಬೇರೆ ಸದ್ದೇ ಇಲ್ಲದಂತಾಯಿತು. ತೊಡೆಯ ಮೇಲೆ ಮಲಗಿದ್ದ ಮಗುವನ್ನು ಸೊಸೆ ನಲ್ಲಿಯವರೆಗೂ ಕೇಳುವಂತೆ ಕರೆಯುತ್ತಿದ್ದಳು. ಎದುರಿಗೇ ಇರುವ ಕೂಸನ್ನು ಅಷ್ಟೇಕೆ ಕೂಗುತ್ತೀಯೆಂದು ಅತ್ತೆ ಕೇಳಿದರೆ, "ಕೂಗಬೋದಲ್ಲ ಅತ್ತೆ, ಅದ್ಕೇ ಕೂಗ್ತಿದೀನಿ" ಎಂದಳು. ನಾನು ಕಿಟಕಿ ಮುಚ್ಚಿಕೊಂಡು ನಕ್ಕೆ, ಹಲ್ಲು ಕಂಡಿರಬೇಕು.

೪. ಹೆಸರಿನ ಹಾವಳಿ

ಯಾವ ಅತ್ತೆಗೂ ಸೇರದ ಹೆಸರೊಂದು ಇದೆಯೆಂಬ ಸುದ್ದಿ ಸೊಸೆಯರ ಲೋಕದಲ್ಲಿ ಬೆಂಕಿಯಂತೆ ಹಬ್ಬಿತು. ಹಿಂದಿನ ಸಾಲಿನಲ್ಲೊಂದು ಸೌದಾಮಿನಿ ಹುಟ್ಟಿತು, ಬಾವಿಯ ಹತ್ತಿರ ಇನ್ನೊಂದು. ಎದುರು ಮನೆಯ ತಮಿಳಿನವರೂ ಸುಮ್ಮನಿರಲಿಲ್ಲ. ಕೆಲವು ವರ್ಷಗಳಲ್ಲಿ ನನ್ನ ಒಂದನೆಯ ತರಗತಿಯಲ್ಲಿ "ಸೌದಾಮಿನಿ, ಎದ್ದು ನಿಲ್ಲು" ಎಂದರೆ ಬೆಂಚಿಗೆ ಬೆಂಚೇ ಎದ್ದು ನಿಲ್ಲುವ ಸ್ಥಿತಿ ಬಂದಿತು.

ಒಂದು ಬೆಳಿಗ್ಗೆ ಬೂದಿಕೋಟೆಯ ಹೆಂಗಸೊಬ್ಬಳು ಬಸ್ಸು, ರೈಲು ಎರಡೂ ಹತ್ತಿ ನನ್ನನ್ನು ಹುಡುಕಿಕೊಂಡು ಬಂದಳು. ಆಕೆಯ ಗಂಡ ಎಮ್ಮೆಗೆ ಗೌರಿ ಎಂದು ಹೆಸರಿಟ್ಟಿದ್ದನಂತೆ. ಅತ್ತೆಯ ಹೆಸರೂ ಅದೇ ಆದ್ದರಿಂದ ಈಕೆ ಮಾತಿಲ್ಲದೆ ಹಾಲು ಕರೆಯಬೇಕಾಗಿತ್ತು. ಮೂಕಳಂತೆ ಬಂದು ಕೆಚ್ಚಲಿಗೆ ಕೈ ಹಾಕಿದರೆ ಎಮ್ಮೆ ಒದೆಯುತ್ತಿತ್ತು. ಸೌದಾಮಿನಿ ಎಂಬ ಹೆಸರನ್ನು ಎಮ್ಮೆಗೆ ಇಡಬಹುದೇ ಎಂಬುದು ಆಕೆಯ ಪ್ರಶ್ನೆ.

ಹೆಣ್ಣುಮಕ್ಕಳ ಹೆಸರನ್ನು ಎಮ್ಮೆಗೆ ಇಡುವುದು ಮರ್ಯಾದೆಯಲ್ಲ, ಕವಿಗಳ ಪದವನ್ನು ಕೊಟ್ಟಿಗೆಗೆ ಎಳೆಯಬಾರದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದೆ. ಆಕೆ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದಳು.

"ಮೊನ್ನೇನೇ ಇಟ್ಟಾಯ್ತು ಟೀಚರಮ್ಮ. ಕೂಗಿದ್ರೆ ಸಾಕು, ಹಾಲು ಸುರಿಸ್ತದೆ. ನಿಮಗೂ ಒಂದು ಮಾತು ಹೇಳಾನ ಅಂತ ಬಂದೆ."

೫. ಬಂಗಾರಪೇಟೆಯ ಪ್ಲಾಟ್‌ಫಾರಂ

ಅರವತ್ತರ ದಶಕದ ಆರಂಭದ ಒಂದು ಭಾನುವಾರ. ಬೆಂಗಳೂರಿನಿಂದ ಹಿಂದಿರುಗುತ್ತಿದ್ದ ನಾನು ಬಂಗಾರಪೇಟೆಯಲ್ಲಿ ಇಳಿದು ನಮ್ಮ ಕಡೆಯ ಗಾಡಿಗೆ ಕಾಯುತ್ತಿದ್ದೆ. ಅದೇ ಪ್ಲಾಟ್‌ಫಾರಂನಲ್ಲಿ ನಮ್ಮ ಪಕ್ಕದ ಮನೆಯವರು ಗಂಟುಮೂಟೆಗಳ ನಡುವೆ ಕುಳಿತಿದ್ದರು. ಯಾರದೋ ಮದುವೆ ಮುಗಿಸಿ ಬಂದಿದ್ದ ಸೊಸೆ, ಇಬ್ಬರು ಹೆಣ್ಣುಮಕ್ಕಳು ಮತ್ತು ಅತ್ತೆ. ಅತ್ತೆ ನೀರು ಕುಡಿದು ಬರುತ್ತೇನೆಂದು ಎದ್ದು ಹೋದರು.

ಪಕ್ಕದಲ್ಲೇ ಬೇರೆ ದಾರಿಯ, ಕೋಲಾರ ಪಟ್ಟಣಕ್ಕೆ ಹೋಗುವ ಸಣ್ಣ ರೈಲು ನಿಂತಿತ್ತು. ಅದು ಶಿಳ್ಳೆ ಹಾಕಿದಾಗ ಸೊಸೆ ತಲೆಯೆತ್ತಿ ನೋಡಿ ಬಿಳಿಚಿಕೊಂಡಳು. ಅತ್ತೆ ಆ ರೈಲಿನೊಳಗೆ, ನಮಗೆ ಬೆನ್ನು ಹಾಕಿ, ಆಚೆಯ ಕಿಟಕಿಗೆ ಮುಖ ಮಾಡಿ ಆರಾಮವಾಗಿ ಕುಳಿತಿದ್ದರು. ಖಾಲಿ ಜಾಗ ಕಂಡಿತ್ತು, ಕುಳಿತುಬಿಟ್ಟಿದ್ದರು.

ನಡುವೆ ಕಾಲಿಡಲಾಗದಷ್ಟು ಜನ. ಸೊಸೆ "ಅತ್ತೇ" ಎಂದು ಕೂಗಿದಳು. ಎಲ್ಲ ಕಿಟಕಿಗಳಿಂದಲೂ ಅತ್ತೆಯರು ಇಣುಕಿದರು. ತಮ್ಮ ಸೊಸೆಯಲ್ಲವೆಂದು ಖಚಿತವಾದ ಮೇಲೆ ನೆಮ್ಮದಿಯಿಂದ ತಲೆ ಒಳಗೆಳೆದುಕೊಂಡರು. ನಮ್ಮ ಅತ್ತೆ ತಿರುಗಲಿಲ್ಲ. ಮಕ್ಕಳು "ಅಜ್ಜೀ" ಎಂದರು. ಇನ್ನಷ್ಟು ತಲೆಗಳು ಹೊರಬಂದವು, ಅಜ್ಜಿಯ ತಲೆಯೊಂದನ್ನು ಬಿಟ್ಟು. ಗಾರ್ಡು ಹಸಿರು ಬಾವುಟ ಬಿಡಿಸುತ್ತಿದ್ದ.

ಸೊಸೆ ನನ್ನ ಕೈ ಹಿಡಿದಳು. "ಟೀಚರಮ್ಮ, ಅವ್ರ ಹೆಸರು ಹಿಡಿದು ನೀವು ಕೂಗಿ. ನಿಮಗೆ ದೋಷ ಇಲ್ಲ."

ಅದುವರೆಗೆ ಸಾರ್ವಜನಿಕ ಸ್ಥಳದಲ್ಲಿ ನಾನು ಕೆಮ್ಮಿದವಳೂ ಅಲ್ಲ. ಕಣ್ಣು ಮುಚ್ಚಿಕೊಂಡು, "ಮುನಿಯಮ್ಮಾ, ಇಳೀರಿ" ಎಂದು ಚೀರಿದೆ. ಮತ್ತೊಮ್ಮೆ ಚೀರಿದೆ. ಕಣ್ಣು ತೆರೆದಾಗ ಇಬ್ಬರು ಮುನಿಯಮ್ಮಂದಿರು ಬುಟ್ಟಿಗಳ ಸಮೇತ ಗಾಬರಿಯಿಂದ ಇಳಿದು ನಿಂತಿದ್ದರು. ನಮ್ಮ ಮುನಿಯಮ್ಮ ಮಾತ್ರ ಕುಳಿತ ಭಂಗಿಯನ್ನು ಬದಲಿಸಿರಲಿಲ್ಲ. ಬದಲಾಗಿ ಪಕ್ಕದವಳ ಕಡೆಗೆ ಬಾಗಿ ಏನೋ ಹೇಳಿ ನಗುತ್ತಿದ್ದರು.

ರೈಲು ಅಲುಗಿತು. ಆಗ ಆ ಸೊಸೆ ನೆಲಕ್ಕೆ ಕಾಲೂರಿ, ಎದೆಯುಬ್ಬಿಸಿ, ತನ್ನ ಬಾಯಿಗೆ ಸಲ್ಲುವ ಒಂದೇ ಹೆಸರನ್ನು ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು.

"ಸೌದಾಮಿನೀ..."

"ಇಲ್ಲೇ ಇದೀನಲ್ಲಮ್ಮ" ಎಂದಿತು ಆಕೆಯ ಸೆರಗು ಹಿಡಿದು ನಿಂತಿದ್ದ ಮಗು.

ಆದರೆ ರೈಲಿನೊಳಗೆ ಅಜ್ಜಿ ಧಡಕ್ಕನೆ ಎದ್ದಿದ್ದರು. ಯಾರನ್ನು ತಳ್ಳಿದರೋ, ಯಾರ ಕಾಲು ತುಳಿದರೋ, ತೆವಳುತ್ತಿದ್ದ ರೈಲಿನಿಂದ ಇಳಿದು ಜನರನ್ನು ಸೀಳಿಕೊಂಡು ಓಡಿಬಂದು ಮೊಮ್ಮಗಳ ಕೈಯನ್ನು ಭದ್ರವಾಗಿ ಹಿಡಿದರು. ಆಮೇಲೆ ಸೊಸೆಗೆ ಪೂಜೆಯಾಯಿತು. "ನೀರು ಕುಡಿಯೋಕೆ ಓದ್ರೆ ಅಷ್ಟರಲ್ಲಿ ಮಗೂನ ಕಳ್ಕೊಂತೀಯಾ? ನಾನು ಬರದೇ ಇದ್ದಿದ್ರೆ ಏನೇ ಗತಿ?" ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ಗಂಟಿನ ಮೇಲೆ ಕುಳಿತಳು.

ಕೋಲಾರದ ರೈಲು ಹೊರಟುಹೋಯಿತು. ಬುಟ್ಟಿ ಹಿಡಿದ ಆ ಇಬ್ಬರು ಮುನಿಯಮ್ಮಂದಿರು ನನ್ನೆದುರು ಬಂದು ನಿಂತು, ಯಾಕಮ್ಮ ಕರೆದದ್ದು ಎಂದು ವಿನಯದಿಂದಲೇ ಕೇಳಿದರು. ಕಾನ್ವೆಂಟಿನಲ್ಲಿ ಕಲಿತಂತೆ ಕೈ ಜೋಡಿಸಿ ಕ್ಷಮೆ ಕೇಳಿದೆ. ಅಜ್ಜಿಗೆ ಅವರನ್ನು ಕಂಡು ಬಹಳ ಮರುಕವಾಯಿತು.

"ಅದ್ಯಾವಳೋ ಮುನಿಯಮ್ಮ, ಕಿವುಡಿ ಇರ್ಬೇಕು. ಅಟ್ಟೊಂದು ಕೂಗಿದ್ರೂ ಬರ್ಲಿಲ್ಲ, ಪಾಪ, ನಿಮ್ಮ ಗಾಡಿ ಕಳೀತು" ಎಂದು ಅವರಿಗೆ ಕೂರಲು ಜಾಗ ಬಿಟ್ಟರು. ತಾವೂ ಪಕ್ಕದಲ್ಲಿ ಕುಳಿತು ಹೇಳಿದರು:

"ನಂದೂ ಅದೇ ಹೆಸರು ಕಣಮ್ಮ. ಪುಣ್ಯಕ್ಕೆ ನನ್ನ ಯಾರೂ ಕರೀಲಿಲ್ಲ."